ಐದು ಗಂಟೆಯ ಪಾಳಿ

ಬೇಕರಿಯ ಗೋಡೆಗೆ ಅಂಟಿಸಿದ್ದ ಹೊಸ ಪಾಳಿಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಬೆಳಗಿನ ಐದು ಹೋಗಿ ಹತ್ತು ಬಂದಿತ್ತು. ಎಲ್ಲರೂ ನನ್ನನ್ನು ಪುಣ್ಯವಂತೆ ಎಂದರು. ನನಗೆ ಮೈಯೆಲ್ಲ ಉರಿಯಿತು.

"ಇದನ್ನ ಯಾರು ಮಾಡಿದ್ದು?" ಎಂದು ಒಡತಿ ಹಾಲಿನಾ ಅವರನ್ನು ಕೇಳಿದೆ.

"ರೆಮಿ ಹೇಳಿದ. ಡಾರ್ಕಾ ನಿಂತಲ್ಲೇ ತೂಕಡಿಸ್ತಾಳೆ, ಪಾಪ, ಸ್ವಲ್ಪ ಮಲಗೋಕೆ ಬಿಡಿ ಅಂದ. ಒಳ್ಳೇ ಹುಡುಗ ಅಲ್ವಾ?"

ಒಳ್ಳೇ ಹುಡುಗನಂತೆ. ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ ಹಂಚುವವನಿಗೆ ನನ್ನ ನಿದ್ದೆಯ ಉಸಾಬರಿ ಯಾಕೆ?

ಒಂದು ವಾರ ಹತ್ತಕ್ಕೆ ಹೋದೆ. ಎಂಟರವರೆಗೆ ಮಲಗಿದೆ, ಮೊಟ್ಟೆ ಬೇಯಿಸಿಕೊಂಡು ಕೂತು ತಿಂದೆ, ಹಗಲು ಬೆಳಕಿನಲ್ಲಿ ತಲೆ ಬಾಚಿದೆ. ಎಲ್ಲವೂ ಸುಖವಾಗಿತ್ತು, ಎಲ್ಲದರ ಮೇಲೂ ಸಿಟ್ಟು ಬಂತು.

ಏಕೆಂದರೆ ಆರು ಗಂಟೆಗೆ, ವ್ಯಾನು ತುಂಬುವ ಮೊದಲು, ರೆಮಿ ಬಿಸಿ ರೈ ಬ್ರೆಡ್ಡಿನ ತುದಿ ಮುರಿದು, ಬೆಣ್ಣೆ ಬಳಿದು, ಅರ್ಧ ನನಗೆ ಕೊಡುತ್ತಿದ್ದ. ನಾನು ತಿನ್ನುವಾಗ ನನ್ನನ್ನೇ ನೋಡುತ್ತಿದ್ದ. ನಾನು ತಲೆಯೆತ್ತಿದರೆ ಟ್ರೇಗಳನ್ನು ಸರಿಪಡಿಸುವ ನಾಟಕ ಮಾಡುತ್ತಿದ್ದ. ಆ ಹತ್ತು ನಿಮಿಷಕ್ಕಾಗಿ ನಾನು ನಾಲ್ಕಕ್ಕೆ ಏಳುತ್ತಿದ್ದೆ. ಅದನ್ನೇ ಅವನು ಕಿತ್ತುಕೊಂಡ. ನನ್ನಿಂದ ತಪ್ಪಿಸಿಕೊಳ್ಳಲೆಂದೇ ಹೀಗೆ ಮಾಡಿದ್ದಾನೆ ಎಂದುಕೊಂಡೆ.

ಶುಕ್ರವಾರ ಸಂಜೆ ನಾನು ಕೆಲಸ ಮುಗಿಸಿ ಹೊರಡುವಾಗ ಅವನ ವ್ಯಾನು ಬೇಕರಿಯ ಹಿಂದಿನ ಅಂಗಳಕ್ಕೆ ಬಂತು. ಮೈನಸ್ ಮೂವತ್ತೊಂದು ಡಿಗ್ರಿ ಚಳಿ. ವಿನ್ನಿಪೆಗ್‌ನಲ್ಲಿ ಅಂಥ ದಿನ ಯಾರೂ ಹೊರಗೆ ನಿಂತು ಜಗಳ ಆಡುವುದಿಲ್ಲ. ನಾನು ಆಡಿದೆ.

"ಬನ್ನಿ, ನಿದ್ದೆ ಇನ್‌ಸ್ಪೆಕ್ಟರ್ ಸಾಹೇಬ್ರೇ."

ರೆಮಿ ನಕ್ಕ. "ಮುಖ ಕಳೆಕಳೆಯಾಗಿದೆ. ಚೆನ್ನಾಗಿ ಮಲಗಿದೀಯ."

"ನನ್ನ ಮುಖದ ಸುದ್ದಿ ನಿಂಗೆ ಬೇಡ. ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹಾಗಾದ್ರೆ ಬೇಡ ಅಂತ್ಲೇ ಅರ್ಥ ಕಣೋ."

ಅವನ ನಗು ಹೋಯಿತು. "ಹೋದ ತಿಂಗಳು ನೀನು ನಿದ್ದೆಗಣ್ಣಲ್ಲಿ ಓವನ್ ಬಾಗಿಲಿಗೆ ಕೈ ತಾಗಿಸಿ ಸುಟ್ಕೊಂಡೆ. ನೋಡ್ಕೊಂಡು ಸುಮ್ನಿರ್ಬೇಕಿತ್ತಾ?"

"ಸುಟ್ಟಿದ್ದು ನನ್ನ ಕೈ. ನಿಂದಲ್ಲ."

ಇನ್ನೊಂದು ಮಾತಾಡಿದ್ದರೆ ಅಳು ಬರುತ್ತಿತ್ತು. ಕಾರು ಹತ್ತಿ, ಬಾಗಿಲು ಬಡಿದು, ರೊಯ್ಯನೆ ಹೊರಟೆ. ಚಟ್ ಎಂದು ಸದ್ದಾಯಿತು. ಇಂಜಿನ್ ಹೆಪ್ಪುಗಟ್ಟದಂತೆ ಬೆಚ್ಚಗಿಡಲು ಕಾರಿನಿಂದ ಕರೆಂಟು ಕಂಬದ ಪ್ಲಗ್ಗಿಗೆ ಸಿಕ್ಕಿಸಿದ್ದ ವೈರನ್ನು ತೆಗೆಯುವುದೇ ಮರೆತುಹೋಗಿತ್ತು. ಇದೇ ಊರಲ್ಲಿ ಹುಟ್ಟಿ ಬೆಳೆದವಳು ನಾನು, ನಾಚಿಕೆಗೇಡು. ಕನ್ನಡಿಯಲ್ಲಿ ನೋಡಿದರೆ ಅರ್ಧ ವೈರು ಕಂಬದಲ್ಲಿ ನೇತಾಡುತ್ತಿತ್ತು, ರೆಮಿ ತುಟಿ ಕಚ್ಚಿಕೊಂಡು ನಿಂತಿದ್ದ.

ಇಳಿದು ಬಂದೆ. "ನಕ್ಕರೆ ಕೊಂದುಬಿಡ್ತೀನಿ."

"ನಕ್ಕಿಲ್ಲ ತಾಯಿ."

"ಐದು ಗಂಟೆಗೆ ನಾನು ಬ್ರೆಡ್ ಮೇಲಿನ ಪ್ರೀತಿಗೆ ಬರ್ತಿದ್ದೆ ಅಂದ್ಕೊಂಡ್ಯಾ? ನಿನ್ನನ್ನ ನೋಡೋಕೆ ಬರ್ತಿದ್ದೆ. ಕತ್ತೆ."

ಹೇಳಿಯಾದ ಮೇಲೆ ನನಗೇ ಗಾಬರಿಯಾಯಿತು. ಅವನು ಟೋಪಿಯನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಎಳೆದುಕೊಂಡ.

"ನಂಗೂ ಈ ವಾರ ಏನೂ ಗಂಟಲಲ್ಲಿ ಇಳೀಲಿಲ್ಲ" ಎಂದ. "ನೀನಿಲ್ದೆ ಬೆಳಗ್ಗೆ ಅನ್ನೋದೇ ಹಾಳಾಗಿ ಹೋಯ್ತು."

"ಆದ್ರೂ ನನ್ನನ್ನ ಹತ್ತರ ಪಾಳಿಗೆ ಹಾಕಿಸಿದೆ."

"ನಿನ್ನ ಕೈ ಮತ್ತೆ ಸುಡೋದನ್ನ ನೋಡೋಕೆ ನನ್ನ ಕೈಲಾಗ್ತಿರ್ಲಿಲ್ಲ. ನಿನ್ನ ಮೇಲೆ ಪ್ರಾಣ ಇಟ್ಕೊಂಡಿದೀನಿ ಡಾರ್ಕಾ. ಕೇಳದೆ ಮಾಡಿದ್ದು ತಪ್ಪು."

"ಸೋಮವಾರದಿಂದ ಐದಕ್ಕೇ ಬರ್ತೀನಿ. ಬೇಗ ಮಲಗ್ತೀನಿ. ಅದು ನನ್ನ ತೀರ್ಮಾನ. ಇನ್ಮೇಲೆ ನನ್ನ ವಿಷ್ಯ ಏನಿದ್ರೂ ಮೊದ್ಲು ನನ್ನನ್ನ ಕೇಳು."

"ಸರಿ, ಕೇಳ್ತೀನಿ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಕೈ ಹಿಡ್ಕೋಬಹುದಾ?"

ಕೋಪ ಇನ್ನೂ ಇಳಿದಿರಲಿಲ್ಲ. ಬೇಕೆಂದೇ ಅವನನ್ನು ಕಾಯಿಸಿದೆ. ಆಮೇಲೆ ಆ ಚಳಿಯಲ್ಲೇ ಕೈಗವಸು ಕಳಚಿ, ಕೈ ಚಾಚಿದೆ.