ಸೀಲ್ ದಿಬ್ಬದ ಮರಳುದಾರಿ

ಅಮ್ಮನ ಬಲಗೈಗೆ ಪ್ಲಾಸ್ಟರ್ ಬಿತ್ತು, ಅವಳ ಡ್ರೈವಿಂಗ್ ಸ್ಕೂಲಿಗೆ ಬೀಗ ಬಿತ್ತು. ಒಂದು ವಾರ ಗೋಡೆ ನೋಡಿಕೊಂಡು ಕೂತವಳು ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ದಿಬ್ಬಕ್ಕೆ ಹೋಗಿ ಸೀಲ್ ನೋಡಬೇಕು. ಈ ವಾರ ಬಿಟ್ಟರೆ ಮರಿಗಳನ್ನು ಕರಕೊಂಡು ಸಮುದ್ರಕ್ಕೆ ಹೊರಟುಬಿಡ್ತವೆ. ಕಾರು ನೀನು ಓಡಿಸು."

ಅಮ್ಮನ ಕೈ ಮುರಿದದ್ದಕ್ಕೆ ರಜೆ ಹಾಕಿ ಬಂದು ಪಾತ್ರೆ ತೊಳೆಯುತ್ತಿದ್ದ ಮಗಳಿಗೆ ಸೀಲ್‌ಗಳ ಮಾತು ಹೊಸದಲ್ಲ. ಪ್ರತಿ ಚಳಿಗಾಲದಲ್ಲೂ ಅಮ್ಮ ಆ ಮಾತೆತ್ತುತ್ತಿದ್ದಳು, ಪ್ರತಿ ಚಳಿಗಾಲದಲ್ಲೂ ಯಾರಿಗೋ ಲೈಸೆನ್ಸ್ ಪರೀಕ್ಷೆ ಇರುತ್ತಿತ್ತು. ಕೊನೆಯ ಮಾತು ಕೇಳಿ ಮಾತ್ರ ಅವಳು ನಲ್ಲಿ ನಿಲ್ಲಿಸಿ ಹಿಂದೆ ತಿರುಗಿದಳು.

ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿದ್ದು ಅಮ್ಮ. ಮಗಳಿಗೆ ಮಾತ್ರ ಕಲಿಸಲಾಗಲಿಲ್ಲ. ಎಲ್ಲ ವಿದ್ಯಾರ್ಥಿಗಳ ಎದುರು, ಇವಳು ರಸ್ತೆಗಿಳಿದರೆ ರಸ್ತೆಗೇ ಕಷ್ಟ ಅಂದುಬಿಟ್ಟಿದ್ದಳು. ಮಗಳು ಬೇರೆ ಊರಿಗೆ ಹೋಗಿ, ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವ ಕೆಲಸ ಹಿಡಿದು, ಅಲ್ಲೇ ಇನ್ನೊಬ್ಬರ ಹತ್ತಿರ ಕಲಿತು ಲೈಸೆನ್ಸ್ ತಗೊಂಡಳು. ಅವಳು ಓಡಿಸುವ ಕಾರಿನಲ್ಲಿ ಅಮ್ಮ ಇದುವರೆಗೆ ಕೂತಿರಲಿಲ್ಲ.

"ಗೀರು ಬಿದ್ದರೆ ಬೈಯಬಾರದು" ಅಂದಳು ಮಗಳು.

"ಗೀರು ಬಿದ್ದರೆ ಬೈಯಲ್ಲ, ಸಾಯಿಸ್ತೀನಿ. ಸ್ಕೂಲು ಅಂದರೆ ಆ ಕಾರೇ. ಅದು ಹೋದರೆ ಬೋರ್ಡ್ ಹೊತ್ಕೊಂಡು ಬೀದೀಲಿ ನಿಲ್ಲಬೇಕು ನಾನು."

ಆ ಬೋರ್ಡ್ ಕಾರಿನ ತಲೆಯ ಮೇಲೇ ಇತ್ತು. ಹಳದಿ ಬಣ್ಣ ಬಳಿದ ದಪ್ಪ ತಗಡು, ಎರಡು ಬೋಲ್ಟು. ಕಾರಿನೊಳಗೆ ಪಕ್ಕದ ಸೀಟಿನ ಮುಂದೆಯೂ ಒಂದು ಕ್ಲಚ್, ಒಂದು ಬ್ರೇಕ್. ಕಲಿಯುವವರು ಎಡವಟ್ಟು ಮಾಡಿದರೆ ಕಲಿಸುವವಳ ಕಾಲಿಗೆ ಸಿಗಲಿ ಅಂತ.

ಬೆಳಕು ಹರಿಯುವ ಹೊತ್ತಿಗೆ ಊರು ಬಿಟ್ಟರು. ಬೆಟ್ಟದ ಸಾಲು ಮುಗಿದದ್ದೇ ತಡ, ರಸ್ತೆ ಸಮುದ್ರದ ಪಕ್ಕಕ್ಕೆ ಬಂದು ಬಿತ್ತು. ಕೆಳಗೆ ಕಪ್ಪು ಬಂಡೆಗಳು, ಬಂಡೆಗಳ ಸಂದಿಯಲ್ಲಿ ಅಲೆ ನುಗ್ಗಿ ಬಿಳಿ ಹೊಗೆಯಂತೆ ಮೇಲೇಳುತ್ತಿತ್ತು. ಪ್ರತಿ ಬಂಡೆಯ ಮೇಲೂ ನೀರುಕಾಗೆಗಳು ಒದ್ದೆ ಕೊಡೆ ಒಣಗಲು ಇಟ್ಟ ಹಾಗೆ ರೆಕ್ಕೆ ಬಿಚ್ಚಿ ನಿಂತಿದ್ದವು. ಒಂದು ತಿರುವಿನಲ್ಲಿ ಡೇಗೆ ಹಕ್ಕಿಯೊಂದು ಕಾರಿನ ಮಟ್ಟಕ್ಕೇ, ಕಿಟಕಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಗಾಳಿಯ ಮೇಲೆ ನಿಶ್ಚಲವಾಗಿ ನಿಂತಿತ್ತು. ಮುಂದಿನ ತಿರುವಿನಾಚೆ ಡಾಲ್ಫಿನ್‌ಗಳ ಗುಂಪು ದಡಕ್ಕೆ ಸಮನಾಗಿ ಈಜುತ್ತ ರಸ್ತೆಯ ಜೊತೆಗೇ ಬಂತು. ಕಾರು ಬೆಟ್ಟ ಹತ್ತಿದಾಗ ಅವು ಸೂಜಿಗಳಷ್ಟು ಚಿಕ್ಕವಾದವು, ಇಳಿದಾಗ ಬೆನ್ನಿನ ಹೊಳಪು ಸಹಿತ ಕಂಡವು. ಅಮ್ಮ ಕಿಟಕಿಯಿಂದ ಕಣ್ಣು ಕೀಳಲಿಲ್ಲ.

ಅವಳ ಕಾಲಿಗೆ ಮಾತ್ರ ಡಾಲ್ಫಿನ್ ಬೇಕಿರಲಿಲ್ಲ. ತಿರುವು ಬಂದರೆ ಸಾಕು, ಕಾರು ತಾನಾಗೇ ಮುಗ್ಗರಿಸುತ್ತಿತ್ತು.

"ಅಮ್ಮ, ಒಂದು ಕಾರಿಗೆ ಇಬ್ಬರು ಡ್ರೈವರ್ ಬೇಡ."

"ನಾನೆಲ್ಲಿ ಒತ್ತಿದೆ?"

ಅಮ್ಮ ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಪಕ್ಕದ ಸೀಟಿನಲ್ಲಿ ಕೂತ ಕಾಲು, ತಲೆಯನ್ನು ಕೇಳದೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ರಸ್ತೆ ಒಂದು ಕಾವಲು ಕೋಣೆಯ ಮುಂದೆ ಮುಗಿಯಿತು. ಅದರಾಚೆ ಬರೀ ಮರಳು. ಇಳಿತದಲ್ಲಿ ಸಮುದ್ರ ಹಿಂದೆ ಸರಿದು, ದಡಕ್ಕೂ ದೂರದ ಕಲ್ಲುದಿಬ್ಬಕ್ಕೂ ನಡುವೆ ಒದ್ದೆ ಮರಳಿನ ದಾರಿ ತೆರೆದುಕೊಂಡಿತ್ತು. ಉಬ್ಬರ ಬಂದರೆ ಆ ದಾರಿ ಇಲ್ಲ. ದಾರಿಯ ಗುರುತಿಗೆ ಮರದ ಗೂಟಗಳನ್ನು ನೆಟ್ಟಿದ್ದರು. ಜನರನ್ನು ಕರೆದೊಯ್ಯುವ ಜೀಪು ಕೆಟ್ಟು ನಿಂತಿದೆ, ನಡೆದು ಹೋದರೆ ನೋಡಿಬರುವಷ್ಟು ಹೊತ್ತು ಸಿಗುವುದಿಲ್ಲ ಅಂದ ಕಾವಲುಗಾರ. ಕಾರುಗಳೂ ಹೋಗಿಬಂದಿವೆಯಂತೆ. ಅವನು ಹೇಳಿದ ನಿಯಮ ಎರಡೇ: ಗೂಟದ ಸಾಲು ಬಿಡಬಾರದು, ನಡುವೆ ಎಲ್ಲೂ ನಿಲ್ಲಿಸಬಾರದು. ನಿಂತ ಗಾಡಿಯ ಚಕ್ರದ ಕೆಳಗೆ ಮರಳು ಬಾಯಿ ಬಿಡುತ್ತದೆ. ಮೂರು ಗಂಟೆಗೆಲ್ಲ ಈಚೆ ಬಂದುಬಿಡಿ ಅಂದ.

ಅಮ್ಮ ಚಕ್ರಗಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಡಗೈಯಲ್ಲಿ ಬೀಗದಕೈ ಹಿಡಿದು ನಾಲ್ಕೂ ಟೈರಿನಿಂದ ಸ್ವಲ್ಪ ಸ್ವಲ್ಪ ಗಾಳಿ ಬಿಟ್ಟಳು. ಟೈರು ಅಗಲವಾದರೆ ಮರಳಿನಲ್ಲಿ ಹೂತುಕೊಳ್ಳುವುದಿಲ್ಲ ಅಂದಳು. ಮಗಳು ಎರಡನೇ ಗೇರಿನಲ್ಲಿ, ಉಸಿರು ಬಿಗಿಹಿಡಿದು, ಗೂಟದಿಂದ ಗೂಟಕ್ಕೆ ಕಾರು ನಡೆಸಿದಳು. ಸ್ಟಿಯರಿಂಗ್ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತಿತ್ತು. ಅಮ್ಮ ಬ್ರೇಕಿನಿಂದ ಕಾಲು ಹಿಂದಕ್ಕೆಳೆದುಕೊಂಡು ಕೂತಿದ್ದಳು. ದಿಬ್ಬದ ಗಟ್ಟಿ ಕಲ್ಲು ಚಕ್ರಕ್ಕೆ ಸಿಕ್ಕಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

ಮೊದಲು ಬಂದದ್ದು ವಾಸನೆ. ಕೊಳೆತ ಮೀನು, ಒದ್ದೆ ಕಂಬಳಿ, ಎರಡೂ ಸೇರಿದ ಹಾಗೆ. ಆಮೇಲೆ ಸದ್ದು. ಏರಿಯ ತುದಿಗೆ ತೆವಳಿ ಇಣುಕಿದರೆ, ಕೆಳಗಿನ ಕೊಲ್ಲಿ ತುಂಬ ಸೀಲ್‌ಗಳು. ಬೂದು, ಕಂದು, ಕಪ್ಪು ಚುಕ್ಕೆಯವು, ಒಂದರ ಮೇಲೊಂದು ಒರಗಿ, ಗೋಣಿಚೀಲ ಇಳಿಸಿ ಹೋದ ಗೋದಾಮಿನ ಹಾಗೆ. ನಡುವೆ ಗಂಡುಗಳು ಕತ್ತು ನೆಟ್ಟಗೆ ಮಾಡಿ ಗುಟುರು ಹಾಕುತ್ತಿದ್ದವು. ಆ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ಒಂದು ಗಂಡು ನೀರಿಗೆ ಹೊರಟಿತು. ಹೊಟ್ಟೆ ಎತ್ತಿ ಹಾಕಿ, ನಿಂತು, ಮತ್ತೆ ಎತ್ತಿ ಹಾಕಿ.

"ನೋಡು," ಅಮ್ಮ ಪಿಸುಗುಟ್ಟಿದಳು, "ಕ್ಲಚ್ ಬಿಡೋಕೆ ಬರದವರ ಥರ."

ಅದೇ ಪ್ರಾಣಿ ನೀರು ಮುಟ್ಟಿದ ಕೂಡಲೇ ಬೇರೆಯಾಯಿತು. ತಿಳಿನೀರಿನಲ್ಲಿ ಒಂದು ಬೂದು ಗೆರೆ. ಅಂಚಿನ ಬಂಡೆಗೆ ಮೈ ತಾಗದಂತೆ ತಿರುಗಿ, ಅಲೆಯ ಹೊಟ್ಟೆಯೊಳಗೆ ನುಗ್ಗಿ, ಗಾಜಿನ ಹಿಂದೆ ಕಂಡ ಹಾಗೆ ಉದ್ದಕ್ಕೂ ಕಂಡು, ಮಾಯವಾಯಿತು. ಅಷ್ಟರಲ್ಲಿ ಹೆಣ್ಣೊಂದು ಬೇಟೆ ಮುಗಿಸಿ ದಡಕ್ಕೆ ಬಂದು ಕೂಗು ಹಾಕಿತು. ಅಷ್ಟು ಗದ್ದಲದ ನಡುವೆ, ಕೊಲ್ಲಿಯ ಇನ್ನೊಂದು ಮೂಲೆಯಿಂದ ಒಂದೇ ಒಂದು ಮರಿ ಓಗೊಟ್ಟು, ಮಲಗಿದ್ದವುಗಳನ್ನೆಲ್ಲ ತುಳಿದುಕೊಂಡು ಓಡಿಬಂತು. ಮೂಸಿ ನೋಡಿದವು, ಗುರುತು ಹತ್ತಿತು. ಅಮ್ಮ ಇನ್ನೊಂದು ನೋಡೋಣ ಅಂದಳು. ಆಮೇಲೆ ಮತ್ತೊಂದು. ಮಗಳಿಗೂ ಏಳುವ ಮನಸ್ಸಿರಲಿಲ್ಲ. ಗಡಿಯಾರ ನೋಡಿದಾಗ ಮೂರು ದಾಟಿತ್ತು.

ಮರಳುದಾರಿಯ ಎರಡೂ ಅಂಚಿನಲ್ಲಿ ನೀರು ಹೊಳೆಯತೊಡಗಿತ್ತು. ಕಾರು ಮುಕ್ಕಾಲು ದಾರಿ ಸರಾಗ ಬಂತು. ಕಾವಲು ಕೋಣೆಯ ಕಿಟಕಿ ಕಾಣುತ್ತಿತ್ತು.

ಆಗ ಎಡಗಡೆಯಿಂದ ತೆಳ್ಳನೆಯ ಒಂದು ಅಲೆ ಗೂಟಗಳ ನಡುವೆ ಹರಿದು ಬಂತು. ಹಿಮ್ಮಡಿ ಮುಳುಗುವಷ್ಟೂ ಇರಲಿಲ್ಲ. ಮಗಳು ಕಾಲು ಸಡಿಲಿಸಲಿಲ್ಲ.

ಕಾರು ನಿಂತಿತು.

ಮಗಳು ಪಕ್ಕಕ್ಕೆ ನೋಡಿದಳು. ಅಮ್ಮ ತನ್ನ ಬಲಗಾಲನ್ನು, ಅದು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಅದು ಬ್ರೇಕಿನ ಮೇಲಿತ್ತು.

ಆಕ್ಸಿಲರೇಟರ್ ಒತ್ತಿದರೆ ಮುಂದಿನ ಚಕ್ರಗಳು ಗಿರ್ರನೆ ತಿರುಗಿ ಇನ್ನಷ್ಟು ಇಳಿದವು. ಬೈಯಲು ಹೊತ್ತಿರಲಿಲ್ಲ. ಇಬ್ಬರೂ ಇಳಿದರು. ಮಗಳು ಬರಿಗೈಯಲ್ಲಿ ಮರಳು ಗೋರಿದಳು. ಗೋರಿದಲ್ಲಿ ನೀರು ತುಂಬಿತು. ಒಳಗಿನ ರಬ್ಬರ್ ಚಾಪೆಗಳನ್ನು ಎಳೆದು ಒಂದು ಚಕ್ರದ ಕೆಳಗೆ ತುರುಕಿದಳು. ಇನ್ನೊಂದಕ್ಕೆ ಏನೂ ಇರಲಿಲ್ಲ.

ಅಮ್ಮ ಸ್ಪ್ಯಾನರ್ ತಂದು ಕೈಗಿಟ್ಟಳು. "ಬೋರ್ಡ್ ಬಿಚ್ಚು."

ಹಳದಿ ತಗಡು, ಅಮ್ಮನ ಸ್ಕೂಲಿನ ಹೆಸರು ಸಮೇತ, ಚಕ್ರದ ಕೆಳಗೆ ಹೋಯಿತು. ನೀರು ಪಾದ ಮುಚ್ಚಿತ್ತು.

"ನಾನು ಹಿಂದಿನಿಂದ ತಳ್ತೀನಿ. ಗಾಡಿ ಎದ್ದರೆ ನಿಲ್ಲಿಸಬೇಡ."

"ನೀನು ಹತ್ತೋದು ಬೇಡವಾ?"

"ಬೇಡ. ನನಗೋಸ್ಕರ ನಿಲ್ಲಿಸಿದರೆ ಮತ್ತೆ ಹೂತುಹೋಗುತ್ತೆ, ಆಮೇಲೆ ಕಾರೂ ಇಲ್ಲ ನಾನೂ ಇಲ್ಲ. ನನಗೆ ಕಾಲಿದೆ, ಬರ್ತೀನಿ." ಸ್ವಲ್ಪ ತಡೆದು ಅಂದಳು, "ಕನ್ನಡಿ ನೋಡಬೇಡ. ಮುಂದೆ ನೋಡು."

ಎಲ್ಲರಿಗೂ ಕನ್ನಡಿ ನೋಡು, ಕನ್ನಡಿ ನೋಡು ಅಂತ ಗದರುತ್ತಿದ್ದವಳು ಹೇಳಿದ ಮಾತು ಅದು.

ಮಗಳು ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟಳು. ಅಮ್ಮ ಪ್ಲಾಸ್ಟರಿನ ಕೈ ಮೇಲೆತ್ತಿ ಹಿಂದಿನಿಂದ ಹೆಗಲು ಕೊಟ್ಟಳು. ತಗಡು ಕಿರುಗುಟ್ಟಿತು. ಕಾರು ಒಮ್ಮೆ ತೂಗಿ, ಮತ್ತೆ ತೂಗಿ, ಎದ್ದಿತು.

ಅವಳು ನಿಲ್ಲಿಸಲಿಲ್ಲ.

ಗೂಟ, ಗೂಟ, ಗೂಟ. ದಡದ ಹತ್ತಿರದ ತಗ್ಗಿನಲ್ಲಿ ನೀರು ಚಕ್ರದ ಅರ್ಧಕ್ಕಿತ್ತು. ಎರಡೂ ಕಡೆ ರೆಕ್ಕೆಯಂತೆ ಚಿಮ್ಮಿತು, ಎಂಜಿನ್ ಕೆಮ್ಮಿತು, ಸಾಯಲಿಲ್ಲ. ಕನ್ನಡಿಯಲ್ಲಿ ಅಮ್ಮ ಇದ್ದಾಳೋ ಇಲ್ಲವೋ ಅಂತ ನೋಡಬೇಕೆಂದು ಅವಳ ಕತ್ತಿನ ನರಗಳೆಲ್ಲ ಎಳೆಯುತ್ತಿದ್ದವು. ನೋಡಲಿಲ್ಲ. ಜಲ್ಲಿಕಲ್ಲು ಚಕ್ರಕ್ಕೆ ಸಿಕ್ಕಿತು. ಕೈಬ್ರೇಕ್ ಎಳೆದು, ಬಾಗಿಲು ತೆರೆದಿಟ್ಟು, ಬಂದ ದಾರಿಯಲ್ಲೇ ಓಡಿದಳು. ಕಾವಲುಗಾರ ಹಗ್ಗ ಹಿಡಿದು ಹಿಂದೆ ಓಡಿಬಂದ.

ಅಮ್ಮ ತಗ್ಗಿನ ಆಚೆ ಬದಿಯಲ್ಲಿದ್ದಳು, ಮೊಣಕಾಲುದ್ದ ನೀರಿನಲ್ಲಿ. ಸೊಟ್ಟಗಾದ ಬೋರ್ಡನ್ನು ತಲೆಯ ಮೇಲಿಟ್ಟು ಎಡಗೈಯಲ್ಲಿ ಹಿಡಿದಿದ್ದಳು. ಅದನ್ನು ಬಿಟ್ಟು ಬಾ ಅಂತ ಮಗಳು ಕೂಗಿದರೆ ಕೇಳಿಸದ ಹಾಗೆ ನಟಿಸಿದಳು. ತಗ್ಗಿನಲ್ಲಿ ನೀರು ಸೊಂಟಕ್ಕೆ ಬಂತು, ಒಂದು ಸಲ ಕಾಲು ಜಾರಿತು. ಮಗಳು ಹಗ್ಗದ ತುದಿ ಸೊಂಟಕ್ಕೆ ಸುತ್ತಿಕೊಂಡು ಇಳಿದು, ಅಮ್ಮನ ರಟ್ಟೆ ಹಿಡಿದಳು. ಇಬ್ಬರೂ ಒಬ್ಬರಿಗೊಬ್ಬರು ಜೋತುಬಿದ್ದು, ಬೋರ್ಡ್ ಸಮೇತ, ದಡ ಹತ್ತಿದರು.

ಹಿಂದೆ ತಿರುಗಿ ನೋಡಿದರೆ ದಾರಿ ಇರಲಿಲ್ಲ. ನೀರಿನಿಂದ ಗೂಟಗಳ ತಲೆಗಳು ಮಾತ್ರ ಮೇಲಿದ್ದವು. ಆ ನೀರಿನಲ್ಲೇ, ಸ್ವಲ್ಪ ದೂರದಲ್ಲಿ, ಒಂದು ನುಣುಪಾದ ತಲೆ ಎದ್ದು ಇವರನ್ನೇ ದಿಟ್ಟಿಸಿ ನೋಡಿತು. ಮೀಸೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಅಮ್ಮ ನಡುಗುತ್ತಲೇ ಅದು ಮುಳುಗುವ ತನಕ ನಿಂತಳು.

ಕಾವಲುಗಾರ ಕೋಣೆಯಲ್ಲಿ ಬಿಸಿ ಚಹಾ ಕೊಟ್ಟು, ಕಂಬಳಿ ಹೊದಿಸಿ, ಮೂರು ಗಂಟೆ ಅಂದರೆ ಮೂರು ಗಂಟೆ ಅಂತ ಸಣ್ಣಗೆ ಬೈದ. ಅಮ್ಮ ತಲೆಯಾಡಿಸಿದಳು. ಬೈಸಿಕೊಳ್ಳುವುದು ಅವಳಿಗೆ ಅಭ್ಯಾಸವಿಲ್ಲದ ಕೆಲಸ, ಆದರೂ ಪೂರ್ತಿ ಬೈಸಿಕೊಂಡಳು. ಮಗಳು ಕಾಲುಪಂಪಿನಲ್ಲಿ ನಾಲ್ಕೂ ಟೈರಿಗೆ ಗಾಳಿ ತುಂಬಿಸಿದಳು.

ಹೊರಡುವಾಗ ಪಕ್ಕದ ಸೀಟಿನ ಬಾಗಿಲು ತೆಗೆದಳು. ಅಮ್ಮ ಅದನ್ನು ದಾಟಿ ಹಿಂದಿನ ಸೀಟಿಗೆ ಹೋಗಿ ಕೂತಳು.

"ಹಿಂದೆ ಕಾಲು ಚಾಚಬಹುದು" ಅಂದಳು.

ಬಿಸಿಲು ಓರೆಯಾಗಿ, ಬಂಡೆಗಳೆಲ್ಲ ಕೆಂಪಾಗಿ, ಸಮುದ್ರ ಉದ್ದಕ್ಕೂ ತಾಮ್ರದ ತಗಡಿನಂತೆ ಹೊಳೆಯುತ್ತಿತ್ತು. ತಿರುವಿನ ಮೇಲೆ ತಿರುವು ಬಂತು. ಕಾರು ಒಂದರಲ್ಲೂ ಮುಗ್ಗರಿಸಲಿಲ್ಲ. ಏರಿನಲ್ಲಿ ಒಂದು ಲಾರಿ ಸಿಕ್ಕಿತು, ಮರದ ದಿಮ್ಮಿ ತುಂಬಿಕೊಂಡು ತೆವಳುತ್ತಿತ್ತು.

"ಹಾರ್ನ್ ಹೊಡಿ, ಜಾಗ ಬಿಡ್ತಾನೆ," ಹಿಂದಿನಿಂದ ಅಮ್ಮ ಅಂದಳು. ಆ ಮಾತಿನ ಬೆನ್ನಿಗೇ ಗೊರಕೆ ಕೇಳಿಸಿತು.

ಮಗಳು ಹಾರ್ನ್ ಹೊಡೆಯಲಿಲ್ಲ. ಏರು ಮುಗಿಯುವ ತನಕ ಲಾರಿಯ ಹಿಂದೆಯೇ, ಅಮ್ಮನಿಗೆ ಎಚ್ಚರವಾಗದಷ್ಟು ಮೆತ್ತಗೆ ಗೇರು ಬದಲಿಸುತ್ತ, ಕಾರು ಓಡಿಸಿದಳು.