ಮೊದಲ ಸ್ಥಾನದ ಕಾರ್ಟ್ರಿಜ್

"ಕಳ್ಳ ಯಾರು ಅಂತ ನನಗೆ ಗೊತ್ತು. ಸಾಕ್ಷಿ ಒಂದು ಹುಡುಕಿಕೊಡಿ, ಸಾಕು," ಎಂದರು ಹಲ್ಲಿನ ಡಾಕ್ಟರು, ನಮ್ಮ ಹಜಾರದಲ್ಲಿ ಇನ್ನೂ ಕೂರುವ ಮೊದಲೇ.

"ಹಾಗಿದ್ರೆ ನಾನ್ಯಾಕೆ ಬೇಕು?" ಎಂದರು ಅತ್ತಿಗೆ.

ನನ್ನ ಅತ್ತಿಗೆ ವಿಮೆ ಕಂಪನಿಯಲ್ಲಿದ್ದವರು. ಬೆಂಕಿ ಬಿತ್ತು, ಕಳುವಾಯಿತು ಎಂದು ಬಂದವರ ಮಾತಿನಲ್ಲಿ ನಿಜವೆಷ್ಟು, ಬುರುಡೆಯೆಷ್ಟು ಎಂದು ಅಳೆಯುವುದೇ ಅವರ ಕೆಲಸವಾಗಿತ್ತು. ಕೆಲಸ ಬಿಟ್ಟರೂ ಚಾಳಿ ಬಿಟ್ಟಿರಲಿಲ್ಲ. ಊರಿನ ತಲೆನೋವೆಲ್ಲ ನಮ್ಮನೆಗೇ ಬರುತ್ತಿತ್ತು. ಸ್ಕೂಟರ್ ಓಡಿಸುವ ಭಾಗ್ಯ ಮೈದುನನಾದ ನನ್ನದು.

ಡಾಕ್ಟರಿಗೆ ಹಳೆಯ ಹೋಮ್ ಕಂಪ್ಯೂಟರುಗಳ ಹುಚ್ಚು. ಟಿವಿಗೆ ಜೋಡಿಸಿ, ಬೆನ್ನಿನ ಸೀಳಿಗೆ ಕಾರ್ಟ್ರಿಜ್ ತೂರಿಸಿದರೆ ಆಟ ಶುರುವಾಗುವ ಯಂತ್ರಗಳವು. ಕಳುವಾಗಿದ್ದು ಅವರ ಬಾಲ್ಯದ ಕಾರ್ಟ್ರಿಜ್. ಅದರೊಳಗಿನ ಪುಟ್ಟ ಸೆಲ್ ಇಷ್ಟು ವರ್ಷವೂ ಆಟದ ಅಂಕಗಳನ್ನು ಕಾಪಾಡಿಕೊಂಡು ಬಂದಿತ್ತು. ಮೊದಲ ಸ್ಥಾನದ ಅಂಕ ತಮ್ಮದೇ ಎಂದು ಡಾಕ್ಟರು ಹೇಳಿಕೊಳ್ಳದ ದಿನವಿರಲಿಲ್ಲ.

"ಸೆಲ್ ಬದಲಾಯಿಸೋಕೆ ರಿಪೇರಿಯವನನ್ನ ಕರೆಸಿದ್ದೆ. ಸೆಲ್ ತೆಗೆದ್ರೆ ಅಂಕ ಅಳಿಸಿಹೋಗುತ್ತೆ, ಏನ್ಮಾಡೋದು? ನಮ್ಮಕ್ಕ ಕೂಡ 'ಅಯ್ಯೋ, ಎಲ್ಲಾ ಹೋಗುತ್ತಾ?' ಅಂದ್ಲು. ನಮ್ಮ ಹಳೇ ಕಂಪ್ಯೂಟರ್ ಬಳಗದವರೆಲ್ಲ ನೋಡೋಕೆ ಬಂದು ಕೂತಿದ್ರು. ಡಬ್ಬಿ ತೆಗೆದ್ರೆ ಖಾಲಿ! ಅವತ್ತು ಬಳಗದವರು ಬರೋ ಮೊದಲು ಆ ಕೋಣೆಗೆ ಹೋಗಿದ್ದು ನನ್ನ ಹೆಂಡತಿ, ಅಕ್ಕ, ಅವನು, ಅಷ್ಟೇ. ಎಲ್ಲರ ಮುಂದೇನೇ ಅವನ ಬ್ಯಾಗ್ ನೆಲಕ್ಕೆ ಸುರಿದೆ."

"ಸಿಕ್ಕಿತಾ?"

"ಇಲ್ಲ. ಎಲ್ಲೋ ಸಾಗಿಸಿಬಿಟ್ಟಿದ್ದಾನೆ."

"ಮತ್ತಿನ್ಯಾರು ತಗೋತಾರೆ ಅತ್ತಿಗೆ?" ಎಂದು ನಾನೂ ಬಾಯಿ ಹಾಕಿದೆ. ಅವರು ಚಪ್ಪಲಿ ಮೆಟ್ಟಿಕೊಂಡರು.

ಮೊದಲು ರಿಪೇರಿಯವನ ಅಂಗಡಿಗೆ ಹೋದೆವು. ಮೇಜಿನ ಮೇಲೆ ಬೆಸುಗೆ ಕಡ್ಡಿ ತಣ್ಣಗೆ ಮಲಗಿತ್ತು, ಕಪಾಟು ಬರಿದಾಗಿತ್ತು.

"ಕೊಟ್ಟಿದ್ದ ಯಂತ್ರಾನೆಲ್ಲ ಬಳಗದವರು ವಾಪಸ್ ತಗೊಂಡ್ರು ಮೇಡಂ. ಕಳ್ಳ ಅನ್ನಿಸಿಕೊಂಡವನ ಕೈಗೆ ಯಾರು ಸಾಮಾನು ಕೊಡ್ತಾರೆ? ಹೀಗೇ ಆದ್ರೆ ಅಂಗಡಿ ಮುಚ್ಚಬೇಕು," ಎಂದ.

"ಅಂಕ ಉಳಿಸಿಕೊಂಡು ಸೆಲ್ ಬದಲಾಯಿಸೋಕಾಗಲ್ವಾ?"

"ಆಗುತ್ತೆ. ಪಕ್ಕದಲ್ಲಿ ಇನ್ನೊಂದು ಸೆಲ್ ಜೋಡಿಸಿಕೊಂಡು ಹಳೇದನ್ನ ತೆಗೀಬೇಕು. ಡಾಕ್ಟರಿಗೂ ಹೇಳ್ದೆ. ಬೇಡ, ಹೋದ್ರೆ ಹೋಗ್ಲಿ ಅಂದ್ರು."

ಅಲ್ಲಿಂದ ಡಾಕ್ಟರ ಮನೆ. ಗಾಜಿನ ಬೀರುವಿನಲ್ಲಿ ಹಳದಿಗಟ್ಟಿದ ಕಂಪ್ಯೂಟರುಗಳು ಸಾಲಾಗಿದ್ದವು. ಡಾಕ್ಟರು ಕೈಗವಸು ಹಾಕಿಕೊಂಡು ಖಾಲಿ ಡಬ್ಬಿ ತೋರಿಸಿದರು. "ಕಾರ್ಟ್ರಿಜ್ ಹೇಗೋ ಸಿಗುತ್ತೆ, ರಟ್ಟಿನ ಡಬ್ಬಿ ಸಿಗಲ್ಲ. ಮಾರೋಕೆ ಹೋದ್ರೆ ಇದಕ್ಕೇ ಬೆಲೆ ಜಾಸ್ತಿ," ಎಂದರು. ಇನ್ನೊಂದು ಕಾರ್ಟ್ರಿಜ್‌ನ ಅಂಚನ್ನು ಸ್ಪಿರಿಟ್ ಹತ್ತಿಯಿಂದ ಒರೆಸುತ್ತ, "ಚಿಕ್ಕವರಿದ್ದಾಗ ಬಾಯಿಂದ ಊದ್ತಿದ್ವಿ. ಎಂಥಾ ದಡ್ಡತನ! ತೇವಕ್ಕೆ ಹಸಿರುಗಟ್ಟುತ್ತೆ," ಎಂದರು.

ಡಾಕ್ಟರ ಹೆಂಡತಿ, "ನನಗೆ ಆ ಕೋಣೆ ಧೂಳು ಹೊಡೆಯೋದಷ್ಟೇ ಕೆಲಸ," ಎಂದು ಮೂಗು ಮುರಿದರು. ಅದೇ ಮನೆಯಲ್ಲಿದ್ದ ಡಾಕ್ಟರ ಅಕ್ಕ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಅದರ ತಲೆಬುಡ ನನಗೆ ಗೊತ್ತಿಲ್ಲಮ್ಮ. ಅಪ್ಪ ತಂದಿದ್ದು ಇವನಿಗೆ. ನಾನು ಮುಟ್ಟಿದೋಳೇ ಅಲ್ಲ."

ಮರುದಿನ ಸಂಜೆ ಅತ್ತಿಗೆ ಎಲ್ಲರನ್ನೂ ಆ ಕೋಣೆಯಲ್ಲೇ ಸೇರಿಸಿದರು. ರಿಪೇರಿಯವನು ಬಾಗಿಲ ಬಳಿಯೇ ನಿಂತ. ಅತ್ತಿಗೆ ಟಿವಿ ಹಚ್ಚಿ, ಬೇರೊಂದು ಕಾರ್ಟ್ರಿಜ್ ತೂರಿಸಿದರು. ಪರದೆ ಕಪ್ಪಾಗಿಯೇ ಉಳಿಯಿತು.

"ಥೂ, ಇದೊಂದು. ಸ್ವಲ್ಪ ನೋಡಿ," ಎಂದು ಅದನ್ನು ಹೊರತೆಗೆದು ಡಾಕ್ಟರ ಹೆಂಡತಿಗೆ ಕೊಟ್ಟರು. ಅವರು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟರು. ರಿಪೇರಿಯವನು ಕೈಗೆ ತೆಗೆದುಕೊಂಡವನೇ ಹತ್ತಿ, ಸ್ಪಿರಿಟ್ ಎಲ್ಲಿ ಎಂದು ಕೇಳಿದ. "ಇರಲಿ ಬಿಡಪ್ಪ," ಎಂದು ಅತ್ತಿಗೆ ಅದನ್ನು ಅಕ್ಕನ ಕೈಗಿಟ್ಟು ನನ್ನೊಡನೆ ಏನೋ ಮಾತಿಗಿಳಿದರು.

ಅಕ್ಕ ಕಾರ್ಟ್ರಿಜನ್ನು ಬಾಯಿಯ ಹತ್ತಿರ ಹಿಡಿದು ಈ ತುದಿಯಿಂದ ಆ ತುದಿಗೆ 'ಫೂ' ಎಂದು ಊದಿ, ಸೀಳಿಗೆ ತೂರಿಸಿ ಹೆಬ್ಬೆರಳಿನಿಂದ ಒತ್ತಿದರು. ಪರದೆ ಬೆಳಗಿತು. ಆಮೇಲೆ ಅವರಿಗೆ ತಾವೇನು ಮಾಡಿದೆವು ಎಂದು ಗೊತ್ತಾಯಿತು.

"ನಾನು ಅರ್ಧಕ್ಕೇ ತೂರಿಸಿದ್ದೆ," ಎಂದರು ಅತ್ತಿಗೆ ಮೆಲ್ಲಗೆ. "ಮಾರೋಕೆ ಕದ್ದವನು ಬೆಲೆಬಾಳೋ ಡಬ್ಬಿ ಬಿಟ್ಟು ಹೋಗಲ್ಲ. ಆಗಲೇ ರಿಪೇರಿಯವನು ಅಲ್ಲ ಅನ್ನಿಸಿತು. ಬೇಕಾಗಿದ್ದು ಒಳಗಿನ ಅಂಕ. ಅದು ಅಳಿಸುತ್ತೆ ಅಂದಾಗ ಅಯ್ಯೋ ಅಂದವರು ನೀವೊಬ್ಬರೇ. ಮುಟ್ಟದವರಿಗೆ ಊದೋ ಅಭ್ಯಾಸ ಎಲ್ಲಿಂದ ಬಂತು?"

ಅಕ್ಕ ಒಳಗೆ ಹೋಗಿ ಹೊಲಿಗೆ ಪೆಟ್ಟಿಗೆಯಿಂದ ಕಾರ್ಟ್ರಿಜ್ ತಂದಿಟ್ಟರು. "ಇವನು ಸ್ಕೂಲಿಗೆ ಹೋದ್ಮೇಲೆ ಕದ್ದು ಆಡ್ತಿದ್ದೆ. ಆ ಅಂಕ ನಂದು. ನಾನು ಮೊದಲು ಬಂದಿದ್ದು ಅಂತ ಇರೋದು ಅದೊಂದೇ ಕಣಮ್ಮ. ಅಳಿಸಿಬಿಡ್ತಾರೆ ಅಂತ ತಡೆಯೋಕಾಗಲಿಲ್ಲ. ಆದ್ರೆ ಇವರ ಬ್ಯಾಗ್ ಸುರಿಯೋವಾಗ ನಾನು ಕಾಫಿ ತಟ್ಟೆ ಹಿಡ್ಕೊಂಡು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!"

"ನೀನಾ ಅಕ್ಕ?" ಡಾಕ್ಟರು ಸಿಡುಕಿದರು.

"ಡಾಕ್ಟ್ರೇ, ನಿಮ್ಮದೂ ಒಂದಿದೆ," ಎಂದರು ಅತ್ತಿಗೆ. "ಅಂಕ ಉಳಿಸಬಹುದು ಅಂತ ಇವನು ಹೇಳಿದ. ನೀವು ಬೇಡ ಅಂದ್ರಿ. ನನ್ನ ಹತ್ರ ಬಂದು ಅಳಿಸಿಹೋಗುತ್ತೆ, ಏನ್ಮಾಡೋದು ಅಂದ್ರಿ. ತನ್ನ ದಾಖಲೆಯನ್ನ ಯಾರಾದ್ರೂ ತಾನೇ ಅಳಿಸ್ತಾರಾ?"

ಡಾಕ್ಟರ ಮುಖ ಕಪ್ಪಿಟ್ಟಿತು. "ಯಾರದ್ದು ಅಂತ ಗೊತ್ತಿರಲಿಲ್ಲ. ನಂದಲ್ಲ ಅಂತ ಗೊತ್ತಿತ್ತು. ಅಷ್ಟು ಅಂಕ ಆಡಿ ತೋರಿಸು ಅಂತ ಬಳಗದವರು ಗಂಟುಬಿದ್ದಿದ್ರು. ಅದು ಅಳಿದ್ರೆ ಮಾತೂ ಅಳಿಯುತ್ತೆ ಅಂದ್ಕೊಂಡೆ." ಆಮೇಲೆ ಬಾಗಿಲ ಕಡೆ ತಿರುಗಿ, "ತಪ್ಪಾಯ್ತಪ್ಪ," ಎಂದರು.

"ನನ್ನ ಬ್ಯಾಗ್ ಸುರಿದಿದ್ದು ಎಲ್ಲರ ಮುಂದೆ, ಸಾರ್," ಎಂದ ಅವನು.

ಮುಂದಿನ ಭಾನುವಾರ ಅದೇ ಕೋಣೆಯಲ್ಲಿ, ಅದೇ ಬಳಗದ ಮುಂದೆ ಅಕ್ಕ ತಮ್ಮ ಇಬ್ಬರೂ ನಿಂತು ತಪ್ಪು ಹೇಳಿಕೊಂಡರು. ಕೆಲವರು ತಮ್ಮ ಯಂತ್ರಗಳನ್ನು ಮತ್ತೆ ಕೊಡುತ್ತೇವೆ ಎಂದರು. ರಿಪೇರಿಯವನು ಆಗಲಿ ಎಂದಷ್ಟೇ ಹೇಳಿ, ಪಕ್ಕದಲ್ಲಿ ಇನ್ನೊಂದು ಸೆಲ್ ಜೋಡಿಸಿಕೊಂಡು ಹಳೆಯದನ್ನು ಬದಲಾಯಿಸಿದ. ಅಕ್ಕನ ಅಂಕ ಮೊದಲ ಸ್ಥಾನದಲ್ಲಿ ಹಾಗೆಯೇ ಉಳಿದಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅವನು ಉಪಕರಣಗಳನ್ನು ಎತ್ತಿಟ್ಟುಕೊಂಡು ಹೊರಟ. ಬಾಗಿಲಲ್ಲಿ ನಿಂತು, ಯಾರೂ ಕೇಳದಿದ್ದರೂ, ಬ್ಯಾಗಿನ ಜಿಪ್ ಎಳೆದು ಅಗಲಕ್ಕೆ ತೆರೆದು ನಮ್ಮೆಲ್ಲರ ಕಡೆ ಹಿಡಿದ. ನೋಡಲಿಲ್ಲ ನಾವು. ಡಾಕ್ಟರು ನೆಲ ನೋಡುತ್ತಿದ್ದರು, ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಮತ್ತಿನ್ಯಾರು ತಗೋತಾರೆ ಎಂದಿದ್ದ ನಾನು ಅತ್ತಿಗೆಯ ಬೆನ್ನ ಹಿಂದೆ ಸರಿದು ನಿಂತೆ.