ಮುಳುಗದ ಬೋಟಿನ ತಾಂಡೇಲ

ಶಿಶಿರನ ತಲೆ ಒಡೆದು ಕೀಬೋರ್ಡಿನ ತುಂಬ ರಕ್ತ. ಪಕ್ಕದಲ್ಲಿ ಬಿದ್ದಿದ್ದ ಕಬ್ಬಿಣದ ಲಂಗರಿಗೆ ಕೂದಲು ಅಂಟಿತ್ತು. ಹೊನ್ನಾವರ ಬಂದರಿನ ಈ ಕೋಣೆಯಲ್ಲಿ ಅವನು ಮೀನುಗಾರರಿಗೆ ಕಂಪ್ಯೂಟರ್ ಆಟ ಆಡಿಸುತ್ತಿದ್ದ. ಪರದೆಯ ಮೇಲೆ ಬಿರುಗಾಳಿ ಏಳುತ್ತದೆ, ಬೋಟು ಹೇಗೆ ಉಳಿಸುತ್ತೀರಿ, ಬೇಗ ನಿರ್ಧರಿಸಿ ಅನ್ನುವ ಆಟ. ಇಲ್ಲಿ ಮುಳುಗಿದರೆ ಯಾರೂ ಸಾಯುವುದಿಲ್ಲ ಎಂದು ನಗಿಸುತ್ತಿದ್ದ, ಪಾಪ.

ಬೆಳಿಗ್ಗೆ ಹತ್ತೂ ಹತ್ತಕ್ಕೆ ಹೆಂಡತಿಯ ಜೊತೆ ಫೋನಿನಲ್ಲಿದ್ದಾಗಲೇ ಏಟು ಬಿದ್ದಿತ್ತು. ಚೀರಾಟ ಅವಳ ಕಿವಿಗೇ ಕೇಳಿಸಿತ್ತು.

ಪಿಎಸ್‌ಐ ರೇಖಾ ಬರುವಷ್ಟರಲ್ಲಿ, ಹೆಣದ ಪಕ್ಕ ಸಿಕ್ಕಿದ ಮೀನುಗಾರ ಕುಪ್ಪನನ್ನು ಜನ ಕಂಬಕ್ಕೆ ಕಟ್ಟಿ ಹಣ್ಣುಗಾಯಿ ನೀರುಗಾಯಿ ಮಾಡಿದ್ದರು. ಅಂಗಿಯ ತುಂಬ ಶಿಶಿರನ ರಕ್ತ, ಬಾಯಿ ತುಂಬ ತನ್ನದೇ.

“ಬಿದ್ದಿದ್ದ ಮೇಡಂ. ಎತ್ತುಕೆ ಹೋದೆ. ನಾ ಎಂತದೂ ಮಾಡ್ಲಿಲ್ಲ.”

ನಿಜವಾದ ಕೊಲೆಗಾರ ಸಿಗದಿದ್ದರೆ ಸಂಜೆಯೊಳಗೆ ಇವನ ಹೆಣವೂ ಬೀಳುತ್ತದೆ ಎಂದು ರೇಖಾಗೆ ಅನಿಸಿತು.

ಬೋಟು ನಡೆಸುವ ತಾಂಡೇಲ ಮೋಹನ ಮುಂದೆ ಬಂದ. “ಇವನ ತಮ್ಮ ಜಟ್ಟಿ ಹೋದ ವರ್ಷ ನನ್ನ ಬೋಟಿಂದ ಅಲೆಗೆ ಕೊಚ್ಚಿ ಹೋದ. ಅವತ್ತಿಂದ ಇವಂಗೆ ತಲೆ ಸರಿ ಇಲ್ಲ. ನಾನಂತೂ ಹತ್ತರಿಂದ ಹತ್ತೂವರೆ ತನಕ ಪಕ್ಕದ ಕೋಣೇಲಿ ಆಟ ಆಡ್ತಿದ್ದೆ.”

ಅವನನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

* * *

ಪಕ್ಕದ ಕೋಣೆಯ ಕಂಪ್ಯೂಟರಿನ ದಾಖಲೆಯಲ್ಲಿ ಮೋಹನನ ಹೆಸರಿತ್ತು. ಆಟ ಅರ್ಧ ಗಂಟೆ ತೆರೆದೇ ಇತ್ತು. ರೇಖಾ ಹಿಂದಿನ ದಿನದ್ದನ್ನೂ ಓದಿದಳು. ಆಮೇಲೆ ಅವನನ್ನು ಒಳಗೆ ಕರೆದಳು.

“ಆಟದಲ್ಲಿ ಬೋಟು ಎಂತಾಯ್ತು?”

“ಅಳಿವೆ ಬಾಯಲ್ಲಿ ಉಬ್ಬರಕ್ಕೆ ಕಾದೆ. ನೀರು ಬಂದ್ಮೇಲೆ ಒಳಗೆ ತಂದೆ.”

“ಮುಳುಗಲಿಲ್ಲ?”

“ಇಪ್ಪತ್ತು ವರ್ಷದ ತಾಂಡೇಲ ನಾನು. ನನ್ನ ಬೋಟು ಮುಳುಗುದುಂಟಾ?”

ರೇಖಾ ಪರದೆ ತಿರುಗಿಸಿದಳು. ಹತ್ತೂ ಎಂಟರ ನಂತರ ಒಂದು ಕೀಲಿಯನ್ನೂ ಯಾರೂ ಒತ್ತಿರಲಿಲ್ಲ. ಹತ್ತೂ ಹನ್ನೆರಡಕ್ಕೆ ಬೋಟು ಬಂಡೆಗೆ ಬಡಿದು ಮುಳುಗಿತ್ತು. ಆರು ಜನ ಸತ್ತಿದ್ದರು.

* * *

ಕುಪ್ಪನನ್ನು ಬಿಡಿಸಿ ಒಳಗೆ ಕೂರಿಸಿದರು. ರೇಖಾ ಅವನಿಗೂ ಕೇಳುವ ಹಾಗೆ ಮೋಹನನಿಗೆ ಹೇಳಿದಳು.

“ನೀರಿಗೆ ಬಿದ್ದವನ ಸೊಂಟಕ್ಕೆ ಹಗ್ಗ ಇದೆ. ಎಳೀತೀರಾ, ಕಡೀತೀರಾ? ನಿನ್ನೆಯ ಆಟ ಇದು. ನೀನು ಎಂಟು ಸಲ ಆಡಿದೆ, ಎಂಟು ಸಲವೂ ತಟ್ಟನೆ ಕಡಿದೆ. ‘ಜಟ್ಟಿಗೂ ಹೀಗೇ ಆಯಿತೆ? ನಾಳೆ ಕೇಳಬೇಕು’ ಅಂತ ಶಿಶಿರ ಅದರ ಕೆಳಗೇ ಬರೆದಿದ್ದಾನೆ. ಇವತ್ತು ಆಟಕ್ಕೆ ಮೊದಲೇ ಕೇಳಿದ. ನೀನು ಆಟ ತೆರೆದಿಟ್ಟು ಎದ್ದು ಬಂದು ಲಂಗರು ಎತ್ತಿದೆ. ಗಲಾಟೆಯಾದಾಗ ಜನರ ಜೊತೆ ಸೇರಿಕೊಂಡೆ.”

ಮೋಹನ ಮೇಜು ಗುದ್ದಿದ. “ಎಲ್ಲರ ಎದುರು ಹೇಳ್ತೆ ಅಂದ. ಆಮೇಲೆ ಊರಲ್ಲಿ ಮುಖ ಎತ್ತುಕಾಗ್ತಿತ್ತಾ? ಅವತ್ತು ಹಗ್ಗ ಕಡೀದೇ ಇದ್ದಿದ್ರೆ ಬೋಟೇ ಹೋಗ್ತಿತ್ತು!”

“ಹೌದಾ ಮೇಡಂ?” ಕುಪ್ಪ ಕೇಳಿದ.

ಜಟ್ಟಿ ಹೋದ ದಿನದ ಗಾಳಿ, ಅಲೆಗಳನ್ನೇ ಹಾಕಿ ಶಿಶಿರ ಅದೇ ಆಟವನ್ನು ಹಗ್ಗ ಎಳೆದು ಹನ್ನೆರಡು ಸಲ ಆಡಿ ನೋಡಿದ್ದ. ಹನ್ನೆರಡು ಸಲವೂ ಬೋಟು ಉಳಿದಿತ್ತು, ಬಿದ್ದವನೂ ಉಳಿದಿದ್ದ. ಸುಳ್ಳು ಹೇಳಲು ರೇಖಾಗೆ ಬಾಯಿ ಬರಲಿಲ್ಲ.

“ಇಲ್ಲ. ಬೋಟೂ ಉಳೀತಿತ್ತು, ಜಟ್ಟಿಯೂ ಉಳೀತಿದ್ದ.”

ಕುಪ್ಪನ ಮುಷ್ಟಿ ಮೋಹನನ ಮುಖಕ್ಕೆ ಬಿತ್ತು. ಮೂಗು ಮುರಿದ ಸದ್ದು ಕೋಣೆಗೆಲ್ಲ ಕೇಳಿತು.

ರೇಖಾ ತಡೆಯಬೇಕಿತ್ತು. ತಡೆದಳು, ಮೂರನೇ ಏಟಿನ ಮೇಲೆ.